ಸೂಪು ಗುನುಗಬೇಕು

ಕಾರ್ಖಾನೆಯ ಮೇಲಿನ ಮನೆ,
ಜನವರಿ ಕೊನೆಯ ಭಾನುವಾರ, ಬೆಳಿಗ್ಗೆ

ಅಲ್ಲಿ ಊಟದ ಮೇಜಿನ ಸುತ್ತ ಸೇರಿರುವ ಸಮಸ್ತರಿಗೂ ನಮಸ್ಕಾರಗಳು. ಕಾಗದ ಯಾರ ಹೆಸರಿಗೆ ಬಂದಿದ್ದರೂ ಊಟವಾದ ಮೇಲೆ ಎಲ್ಲರೆದುರು ಗಟ್ಟಿಯಾಗಿ ಓದುವುದು ನಿಮ್ಮ ಮನೆಯ ಪದ್ಧತಿಯೆಂದು ನಾನು ಬಲ್ಲೆ. ಆದ್ದರಿಂದ ಮೊದಲ ವಂದನೆ ಇದನ್ನು ಓದುತ್ತಿರುವ ಬೀಗರಿಗೆ. ಎರಡನೆಯದು, ನನ್ನ ಅಕ್ಷರ ಅರ್ಥವಾಗದ ಕಡೆಯಲ್ಲೆಲ್ಲ ಪಕ್ಕದಿಂದ ಇಣುಕಿ ಬಿಡಿಸಿ ಹೇಳುತ್ತಿರುವ ಬೀಗಿತ್ತಿಯವರಿಗೆ. ಮಗಳ ಬಾಣಂತನಕ್ಕೆಂದು ಬಂದ ನನ್ನ ಅಕ್ಕನನ್ನು, ಅವಳಿ ಮೊಮ್ಮಕ್ಕಳು ಅಂಬೆಗಾಲಿಡುವ ಈ ಹೊತ್ತಿನವರೆಗೂ, ಒಡಹುಟ್ಟಿದವಳಂತೆ ಇರಿಸಿಕೊಂಡಿದ್ದೀರಿ. ಅವಳ ಜೊತೆ ಒಂದೇ ಸೂರಿನಡಿ ಬಾಳುವುದು ಎಷ್ಟು ಸುಖವೋ ಅಷ್ಟೇ ಸಾಹಸವೆಂದು ಬಲ್ಲವನು ನಾನು. ಹಾಗಾಗಿ ಈ ಕೃತಜ್ಞತೆ ಬಾಯಿಮಾತಿನದಲ್ಲ.

ಇನ್ನು, ಪ್ರೀತಿಯ ಅಕ್ಕಾ,

ನಿನ್ನ ನೆಗಡಿ ಹೇಗಿದೆ? ಮೊನ್ನೆ ಫೋನಿನಲ್ಲಿ ಕೇಳಬೇಕೆಂದಿದ್ದೆ, ಕೇಳಿದೆ ಕೂಡ. ಆದರೆ ಗಂಟಲು ಕಟ್ಟಿ ನಿನ್ನ ಧ್ವನಿ ಹೊರಡದು, ಕಿವಿ ಕಟ್ಟಿ ನನಗೆ ಕೇಳದು. ನೀನು ಪಿಸುಗುಟ್ಟುತ್ತೀಯ, ನಾನು ಹ್ಞಾ ಎನ್ನುತ್ತೇನೆ, ನೀನು ಇನ್ನಷ್ಟು ಪಿಸುಗುಟ್ಟುತ್ತೀಯ. ಕೊನೆಗೆ ಅಳಿಯಂದಿರೇ ಫೋನು ಕಿತ್ತುಕೊಂಡು, ಎಲ್ಲವನ್ನೂ ಬರೆದು ಕಳಿಸುತ್ತೇನೆಂದು ಕೂಗಿ ಹೇಳಿದರು. ಬರೆದರು. ಜ್ವರ ಬಿಟ್ಟಿದೆ, ಎದೆ ಸ್ವಚ್ಛವಾಗಿದೆಯೆಂದು ಡಾಕ್ಟರು ಹೇಳಿದ್ದಾರೆ, ಆದರೆ ಮೂಗು ಕಟ್ಟಿ ಊಟ ಸೇರುತ್ತಿಲ್ಲ. ಬೀಗಿತ್ತಿಯವರು ಅಕ್ಕರೆಯಿಂದ ಕೋಳಿ ಸೂಪು ಮಾಡಿ ಕೊಟ್ಟರೆ ಎರಡು ಚಮಚ ಕುಡಿದು, ತುಂಬ ಚೆನ್ನಾಗಿದೆ ಎಂದು ಹೇಳಿ ಬಟ್ಟಲು ಕೆಳಗಿಡುತ್ತೀಯಂತೆ. ದಿನಾ ಬೆಳಿಗ್ಗೆ, ನಾನೇ ಎದ್ದು ಮಾಡಿಕೊಳ್ತೀನಿ ಬಿಡಿ ಅನ್ನುತ್ತೀಯಂತೆ, ದಿನಾ ಸಂಜೆ ಹಾಸಿಗೆಯಲ್ಲೇ ಇರುತ್ತೀಯಂತೆ. ಬೀಗಿತ್ತಿಯವರು ಇದಕ್ಕೆ ಬೇಸರಿಸಬಾರದು. ಅವರ ಕೈರುಚಿಯಲ್ಲಿ ಕೊರತೆಯಿಲ್ಲ. ನೆಗಡಿಯಾದವರ ನಾಲಗೆ ಮಕ್ಕಳ ನಾಲಗೆಯಂತೆ, ತಾನು ಮೊದಲು ಕಂಡ ರುಚಿಯೊಂದನ್ನೇ ಹಟ ಹಿಡಿದು ಕೇಳುತ್ತದೆ. ನಮ್ಮಮ್ಮನ ಸೂಪನ್ನು ಕುಡಿದು ಬೆಳೆದವಳು ನೀನು; ಅವಳ ನಂತರ ಅದನ್ನು ಮಾಡಬಲ್ಲವಳು ನೀನೊಬ್ಬಳೇ. ಊರಿನವರಿಗೆಲ್ಲ ನೀನು ಮಾಡಿ ಬಡಿಸಿದ್ದನ್ನು ನಿನಗೇ ಮಾಡಿ ಬಡಿಸುವವರು ಯಾರೂ ಇಲ್ಲವೆಂಬುದು ಅಳಿಯಂದಿರ ಕಾಗದ ಓದುವವರೆಗೆ ನನಗೆ ಹೊಳೆದೇ ಇರಲಿಲ್ಲ.

ನಮ್ಮ ಪಿಯಾನೊ ರಿಪೇರಿ ಕಾರ್ಖಾನೆಗೂ ನೆಗಡಿ ಬಂದು, ಮನೆಯವರಂತೆಯೇ ತಳವೂರಿ, ಈಗಷ್ಟೇ ಹೊರಡುವ ಸನ್ನಾಹದಲ್ಲಿದೆ. ಮೊದಲು ಸೀನಿದವನು ನಮ್ಮ ಬಡಗಿ. ಆಮೇಲೆ ತಂತಿ ಹಾಕುವವನು, ಆಮೇಲೆ ನಾನು, ಕೊನೆಗೆ ಇರುವೆ. ಇರುವೆ ಯಾರೆಂದು ನಿನಗೆ ಗೊತ್ತಿಲ್ಲ; ನೀನು ಹೋದ ಮೇಲೆ ಸೇರಿದ ಹುಡುಗಿ. ಬಸ್ ಕಂಡಕ್ಟರಮ್ಮನ ಮಗಳು. ಮೊದಲ ದಿನವೇ ತನಗಿಂತ ಭಾರವಾದ ಪಿಯಾನೊ ಮುಚ್ಚಳವನ್ನು ಒಬ್ಬಳೇ ಎತ್ತಿಕೊಂಡು ಬಂದಳೆಂದು ಬಡಗಿ ಆ ಹೆಸರಿಟ್ಟ. ಮಾತು ಕಡಿಮೆ, ಆದರೆ ಆಡಿದ ಮಾತಿಗೆ ತುದಿ ಚೂಪು. ಅಕ್ಕಾ, ಇಷ್ಟು ವರ್ಷ ನಾನು ಕೆಲಸ ಕಲಿಸಿದ ಹುಡುಗರಲ್ಲಿ ಜಾಣರು ಬಹಳ ಮಂದಿ ಇದ್ದರು, ಶ್ರಮಜೀವಿಗಳೂ ಇದ್ದರು. ಆದರೆ ಎರಡು ತಂತಿಗಳ ನಡುವೆ ಉಳಿದ ಕೂದಲೆಳೆಯಷ್ಟು ನಡುಕವನ್ನು ಕೇಳಿಸಿಕೊಂಡು, ಅದು ಅಡಗುವವರೆಗೆ ಉಸಿರು ಹಿಡಿದು ಕಾಯುವ ತಾಳ್ಮೆಯನ್ನು ನಾನು ಇವಳಲ್ಲಿ ಕಂಡಷ್ಟು ಬೇರೆ ಯಾರಲ್ಲೂ ಕಂಡಿರಲಿಲ್ಲ. ಇಂಥ ಒಬ್ಬರು ಬಾಗಿಲು ತಟ್ಟಿದರೆ ಕಲಿಸುವವನ ವಯಸ್ಸು ಹಿಂದಕ್ಕೆ ಸರಿಯುತ್ತದೆ. ಆ ಹುಡುಗಿಯನ್ನು ನಾವು ಈ ನೆಗಡಿಯಿಂದಾಗಿ ಕಳೆದುಕೊಳ್ಳುವುದರಲ್ಲಿದ್ದೆವು. ಕಳೆದುಕೊಳ್ಳಲಿಲ್ಲ. ಯಾಕೆಂದು ನಿನಗೆ ಹೇಳಲೇಬೇಕು, ಏಕೆಂದರೆ ಅದರಲ್ಲಿ ನಿನ್ನ ಪಾಲೇ ದೊಡ್ಡದು.

ನದಿಯಾಚೆಯ ಶಾಲೆಯ ಸಭಾಂಗಣದ ಹಳೆಯ ಪಿಯಾನೊ ನಿನಗೆ ನೆನಪಿರಬೇಕು. ಮಕ್ಕಳ ಹಾಡಿನ ಕಾರ್ಯಕ್ರಮ ಹತ್ತಿರ ಬಂದಿತ್ತು. ಬಡಗಿ ಅದರ ಕಾಲು ಸರಿಪಡಿಸಿದ, ತಂತಿಯವನು ತುಕ್ಕು ಹಿಡಿದವನ್ನು ಬದಲಾಯಿಸಿದ, ಶ್ರುತಿ ಕೂಡಿಸುವ ಕೆಲಸವನ್ನು ನಾನು ಇರುವೆಗೆ ಒಪ್ಪಿಸಿದೆ. ಅವಳು ಒಬ್ಬಳೇ ಮಾಡಿದ ಮೊದಲ ಪಿಯಾನೊ. ಎಡದಿಂದ ಬಲಕ್ಕೆ ಒಂದೊಂದೇ ಸ್ವರ ಕೂಡಿಸುತ್ತ ಬಂದಳು. ಬಲತುದಿಯ ಸಣ್ಣ ತಂತಿಗಳ ಹತ್ತಿರ ಬರುವ ಹೊತ್ತಿಗೆ ಸ್ವಲ್ಪ ತಡವರಿಸಿದಳು. ಆ ಸ್ವರಗಳು ಎಷ್ಟು ಬಿಗಿದರೂ ಮಂಕಾಗಿ, ಇಳಿದಂತೆ ಕೇಳುತ್ತಿವೆ ಎಂದಳು. ಇನ್ನೊಂದು ಚೂರು ಬಿಗಿ ಎಂದೆ ನಾನು. ಬಿಗಿದಳು. ಆಮೇಲೆ ನಾವು ಮೂವರು ಗಂಡಸರು ಕರವಸ್ತ್ರ ಮೂಗಿಗೆ ಹಿಡಿದುಕೊಂಡು ಸಾಲಾಗಿ ನಿಂತು ಕೇಳಿದೆವು. ನಾನು ತಲೆಯಾಡಿಸಿದೆ. ಬಡಗಿ ತಲೆಯಾಡಿಸಿದ. ತಂತಿಯವನು ತಲೆಯಾಡಿಸಿ ಸೀನಿದ. ಎಂಟು ಕಿವಿಗಳು ಕೇಳಿ ಒಪ್ಪಿದ್ದವು. ಎಂಟೂ ನೆಗಡಿಯಿಂದ ಮುಚ್ಚಿದ್ದವು. ನಮಗೆ ಅದು ತಿಳಿಯಲಿಲ್ಲ, ಏಕೆಂದರೆ ಒಬ್ಬರಿಗೆ ಕೇಳಿದಂತೆಯೇ ಎಲ್ಲರಿಗೂ ಕೇಳುತ್ತಿತ್ತು, ಮತ್ತು ನಾಲ್ವರು ಒಂದೇ ಮಾತು ಹೇಳಿದರೆ ಅದು ನಿಜವೆಂದೇ ನಮ್ಮ ಕಸುಬಿನಲ್ಲಿ ನಂಬಿಕೆ.

ಮಾರನೆಯ ದಿನ ಸಂಗೀತದ ಟೀಚರು ಬಂದರು. ಸೌಮ್ಯ ಸ್ವಭಾವದವರು. ಬೆರಳು ಬಲತುದಿಗೆ ಹೋದೊಡನೆ ಅವರ ಬಲಹುಬ್ಬು ಚಕ್ಕನೆ ಮೇಲೆದ್ದಿತು. ಎಡಗಡೆ ಬಹಳ ಚೆನ್ನಾಗಿದೆ, ಬಲಗಡೆ ಮಾತ್ರ ಹಲ್ಲು ಜುಂ ಅನ್ನುತ್ತದೆ ಎಂದರು. ಅಷ್ಟೇ. ಸರಿಪಡಿಸಲಾಗದಿದ್ದರೆ ಚಿಂತೆಯಿಲ್ಲ, ಮಕ್ಕಳು ಪಿಯಾನೊ ಇಲ್ಲದೆಯೇ ಹಾಡುತ್ತಾರೆ ಎಂದು ಸಮಾಧಾನವನ್ನೂ ಹೇಳಿದರು. ಗದರಿದ್ದರೆ ಇರುವೆ ತಡೆದುಕೊಳ್ಳುತ್ತಿದ್ದಳೇನೋ. ಈ ಸಮಾಧಾನ ಅವಳನ್ನು ಮುರಿಯಿತು. ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಕಾರ್ಖಾನೆಯ ಬಾಗಿಲಲ್ಲಿ ನಿಂತು ಹೇಳಿದಳು: "ನನಗೆ ಕಿವಿ ಇಲ್ಲ ಮೇಷ್ಟ್ರೇ. ಮಾವನ ಚಪ್ಪಲಿ ಅಂಗಡೀಲಿ ಕೆಲಸ ಇದೆ. ಅಲ್ಲಿಗೆ ಜನರ ಕಾಲಿದ್ರೆ ಸಾಕು." ಸಂಜೆ ಬಂದು ಉಪಕರಣದ ಪೆಟ್ಟಿಗೆ ಒಪ್ಪಿಸುತ್ತೇನೆಂದು ಹೊರಟುಹೋದಳು. ನಾನು ಬೆನ್ನ ಹಿಂದೆ ಧೈರ್ಯದ ನಾಲ್ಕು ಮಾತು ಹೇಳಿದೆ. ಎಲ್ಲವೂ ಸರಿಯಾದ ಮಾತುಗಳೇ. ಅವಳಿಗೆ ಒಂದೂ ಕೇಳಿಸಲಿಲ್ಲ.

ಏನು ಮಾಡಬೇಕೆಂದು ತೋಚದೆ ಮೆಟ್ಟಿಲ ಮೇಲೆ ಕುಳಿತೆ. ಹಿಂದೆಲ್ಲ ಕೆಳಗೆ ಎರಡು ಸೀನು ಕೇಳಿಸಿದರೆ ಸಾಕು, ಮೇಲೆ ನೀನು ದೊಡ್ಡ ಪಾತ್ರೆಗೆ ನೀರು ತುಂಬುತ್ತಿದ್ದ ಸದ್ದು ಕೇಳುತ್ತಿತ್ತು. ಸಂಜೆಯ ಹೊತ್ತಿಗೆ, ಎರಡು ಕೈಯಲ್ಲೂ ಬಟ್ಟೆ ಹಿಡಿದು ಪಾತ್ರೆ ಇಳಿಸಿಕೊಂಡು, ದಾರಿ ಬಿಡ್ರೋ, ಮೈಮೇಲೆ ಬಿದ್ದರೆ ನೆಗಡಿ ಜೊತೆ ಚರ್ಮಾನೂ ಹೋಗುತ್ತೆ ಎಂದು ಎಲ್ಲರನ್ನೂ ಗದರುತ್ತ ಬರುತ್ತಿದ್ದೆ. ಆ ದಿನ ಮೆಟ್ಟಿಲು ಖಾಲಿಯಿತ್ತು. ಆಗ ನಿಶ್ಚಯಿಸಿದೆ, ನಾನೇ ಮಾಡುತ್ತೇನೆ. ಕೋಳಿ, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಕ್ಯಾರೆಟ್, ಕಾಳುಮೆಣಸು ಎಲ್ಲವೂ ನನಗೆ ಗೊತ್ತಿತ್ತು. ಮೂಳೆ ಸಮೇತ ತಣ್ಣೀರಿನಲ್ಲೇ ಇಡಬೇಕು, ಮೇಲೆ ಬಂದ ನೊರೆಯನ್ನು ತೆಗೆಯುತ್ತಿರಬೇಕು, ಉಪ್ಪು ಕೊನೆಗೆ. ಇದೂ ಗೊತ್ತಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ನೀನು ಸದಾ ಹೇಳುತ್ತಿದ್ದ ಮಾತು: "ಸೂಪು ಕೂಗಬಾರದು ಕಣೋ, ಗುನುಗಬೇಕು." ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು, ಕಣ್ಣುಮುಚ್ಚಿ, ಆ ಗುನುಗು ಕೇಳಲೆಂದು ಕಿವಿಯಿಟ್ಟೆ. ಕೇಳಲಿಲ್ಲ. ಉರಿ ಸ್ವಲ್ಪ ಹೆಚ್ಚಿಸಿದೆ. ಆಗಲೂ ಕೇಳಲಿಲ್ಲ. ಇನ್ನೂ ಸ್ವಲ್ಪ ಹೆಚ್ಚಿಸಿದೆ. ಅಕ್ಕಾ, ಶ್ರುತಿ ಕೂಡಿಸುವವನನ್ನು ಬಿಟ್ಟು ಜಗತ್ತಿನ ಬೇರಾವ ಅಡುಗೆಯವನೂ ಪಾತ್ರೆಯೆದುರು ಕಣ್ಣುಮುಚ್ಚಿ ಕುಳಿತುಕೊಳ್ಳುವುದಿಲ್ಲ. ಕೊನೆಗೆ ಬಹಳ ದೂರದಿಂದ ಬಂದಂತೆ ಒಂದು ಮೆಲ್ಲನೆಯ ಗುನುಗು ಕೇಳಿಸಿತು. ನನಗೆ ಹೇಳತೀರದ ನೆಮ್ಮದಿಯಾಯಿತು. ಹಾಗೇ ಕುಳಿತಿದ್ದೆ.

ಯಾರೋ ಭುಜ ಹಿಡಿದು ಅಲ್ಲಾಡಿಸಿದಂತಾಗಿ ಕಣ್ಣುಬಿಟ್ಟರೆ, ಅಡುಗೆಮನೆಯ ತುಂಬ ಹಬೆ. ಮುಚ್ಚಳ ಪಾತ್ರೆಯ ಮೇಲೆ ಕುಣಿಯುತ್ತಿತ್ತು, ಒಲೆಯ ಸುತ್ತ ಸೂಪು ಚೆಲ್ಲಿತ್ತು, ಒಳಗೆ ಉಳಿದಿದ್ದು ಮಣ್ಣುನೀರಿನಂತೆ ಕದಡಿತ್ತು, ಮಾಂಸವೆಲ್ಲ ನಾರುನಾರಾಗಿತ್ತು. ಎದುರಿಗೆ ಇರುವೆ, ಒಂದು ಕೈಯಲ್ಲಿ ಉಪಕರಣದ ಪೆಟ್ಟಿಗೆ. ಇನ್ನೊಂದು ಕೈಯಿಂದ ಒಲೆ ಆರಿಸಿ ಕೇಳಿದಳು, ಇದೇನು ಮೇಷ್ಟ್ರೇ ಎಂದು. ಗುನುಗುತ್ತಿತ್ತು, ಕೇಳಿಸಿಕೊಳ್ಳುತ್ತಿದ್ದೆ ಎಂದೆ. ಅವಳು ಕುಣಿದು ಸುಸ್ತಾದ ಮುಚ್ಚಳವನ್ನು ನೋಡಿದಳು, ನನ್ನನ್ನು ನೋಡಿದಳು. "ಗುನುಗೋದು ಕೇಳಿಸಲಿಲ್ಲ ಅಂತ ಅರಚೋವರೆಗೂ ಉರಿ ಏರಿಸಿದ್ರಾ?" ಎಂದಳು. ಹೌದೆಂದು ನಾನು ತಲೆಯಾಡಿಸುವಷ್ಟರಲ್ಲಿ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವಳು ಪೆಟ್ಟಿಗೆಯನ್ನು ನಿಧಾನವಾಗಿ ನೆಲಕ್ಕಿಟ್ಟಳು. ಬಲತುದಿಯ ತಂತಿಗಳಿಗೆ ಅವಳು ಮಾಡಿದ್ದು ಇದನ್ನೇ. ಮಾಡಿಸಿದವನು ನಾನು. ಕೇಳದೆ ಇದ್ದದ್ದು ತಂತಿಯ ದೋಷವೆಂದು ಬಗೆದು ಬಿಗಿಸಿದೆ, ಪಾತ್ರೆಯ ದೋಷವೆಂದು ಬಗೆದು ಉರಿ ಏರಿಸಿದೆ. ಧೈರ್ಯ ಹೇಳಿದ ನನ್ನ ಮಾತುಗಳು ಮಾಡಲಾಗದ್ದನ್ನು ಕೆಟ್ಟುಹೋದ ಒಂದು ಪಾತ್ರೆ ಸೂಪು ಮಾಡಿತು. ಅವಳು ನಗಲು ಆರಂಭಿಸಿದಳು. ನಗುತ್ತ ಕೆಮ್ಮಿದಳು, ಕೆಮ್ಮುತ್ತ ಗೋಡೆಗೊರಗಿ ಕುಳಿತಳು. ಹಾಗಾದ್ರೆ ಮೇಷ್ಟ್ರಿಗೂ ಕಿವಿ ಇಲ್ಲ ಎಂದಳು. ಈ ವಾರ ಇಲ್ಲ ಎಂದೆ.

ಎರಡನೆಯ ಕೋಳಿ ತಂದವಳು ಅವಳೇ. ನನ್ನನ್ನು ಕುರ್ಚಿ ಸಮೇತ ಬಾಗಿಲಿನಾಚೆ ಕೂರಿಸಿ, ನೀನು ಹೇಳಿದ್ದ ಕ್ರಮವನ್ನೆಲ್ಲ ನನ್ನ ಬಾಯಿಂದ ಕೇಳಿಕೊಂಡು ಒಲೆ ಹಚ್ಚಿದಳು. ನೊರೆ ತೆಗೆದಾಯಿತು, ಈರುಳ್ಳಿ ಬಿದ್ದಾಯಿತು, ಉರಿ ಇಳಿಸಿದಳು. ಇನ್ನು ಅದು ಗುನುಗುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಕಣ್ಣಿನಿಂದ ನೋಡಿದರಾಯಿತು ಎಂದು ನಾನು ಹೇಳುವ ಮೊದಲೇ ಅವಳೊಂದು ಕೆಲಸ ಮಾಡಿದಳು. ಒಂದೇ ಸ್ವರ ನುಡಿಯುವ ಉಕ್ಕಿನ ಕವಲುಕಡ್ಡಿ ಶ್ರುತಿಕವೆಯನ್ನು ತಟ್ಟಿ ಅದರ ಕಾಲನ್ನು ದವಡೆಯ ಮೂಳೆಗೆ ಒತ್ತಿದರೆ ನಾದ ತಲೆಯೊಳಗೇ ಮೊಳಗುತ್ತದೆಂದು ನಾನು ಎಲ್ಲ ಹುಡುಗರಿಗೂ ಮೊದಲ ವಾರದಲ್ಲೇ ತೋರಿಸುತ್ತೇನೆ. ಅವರು ಬೆರಗಾಗುತ್ತಾರೆ, ಮರೆಯುತ್ತಾರೆ. ಇವಳು ಮರೆತಿರಲಿಲ್ಲ. ನಿನ್ನ ಉದ್ದ ಹಿಡಿಯ ಮರದ ಸೌಟನ್ನು ಪಾತ್ರೆಯ ತಳಕ್ಕೆ ತಾಗಿಸಿ, ಹಿಡಿಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಸ್ತಬ್ಧಳಾಗಿ ನಿಂತಳು. ಸ್ವಲ್ಪ ಹೊತ್ತಿಗೆ ಅವಳ ಕಣ್ಣುಗಳು ಅಗಲವಾದವು. ಸೌಟು ಬಾಯಲ್ಲಿಟ್ಟುಕೊಂಡೇ ಏನೋ ಹೇಳಿದಳು, ನನಗೆ ಅರ್ಥವಾಗಲಿಲ್ಲ. ಸೌಟನ್ನು ನನ್ನ ಬಾಯಿಗೆ ತುರುಕಿದಳು. ಅಕ್ಕಾ, ಕೇಳಿಸಿತು. ನೀನು ಹೇಳುತ್ತಿದ್ದ ಗುನುಗು ಅದೇ, ತೊಟ್ಟಿಲ ಪಕ್ಕ ಕುಳಿತವರ ಧ್ವನಿಯಂಥದ್ದು, ಮಾತಿಲ್ಲದ್ದು. ಕಿವಿ ಎಲ್ಲೂ ಹೋಗಿರಲಿಲ್ಲ. ಒಳಗೆ ಎಚ್ಚರವಾಗಿಯೇ ಕುಳಿತಿತ್ತು. ಹೊರಬಾಗಿಲು ಮಾತ್ರ ಮುಚ್ಚಿತ್ತು. "ನಾಳೆ ಶಾಲೆಗೆ ಹೋಗ್ಲಾ ಮೇಷ್ಟ್ರೇ? ಈ ಸೌಟು ಬೇಕು" ಎಂದಳು. ನಾಳೆ ಬೇಡ, ನೆಗಡಿ ಸ್ವಲ್ಪ ಇಳಿಯಲಿ, ಅಲ್ಲಿಯವರೆಗೆ ಸೂಪು ಕುಡಿ ಎಂದೆ.

ಆ ರಾತ್ರಿ ಎಲ್ಲರೂ ಮೆಟ್ಟಿಲ ಮೇಲೆ, ಹಿಂದಿನಂತೆಯೇ, ಒಬ್ಬರ ಕಾಲ ಬಳಿ ಇನ್ನೊಬ್ಬರು ಕುಳಿತು ಕುಡಿದೆವು. ಯಾರೂ ಮೊದಲು ಕುಡಿಯುವುದಿಲ್ಲ, ಬಟ್ಟಲಿನ ಮೇಲೆ ಮುಖ ಬಗ್ಗಿಸಿ ಹಬೆಯಲ್ಲಿ ಕೂರುತ್ತೇವೆ. ಆ ಅಭ್ಯಾಸ ನೀನು ಮಾಡಿಸಿದ್ದು. ತಂತಿಯವನ ಮೂಗು ಮೊದಲು ತೆರೆಯಿತು, ಮೆಣಸಿನ ವಾಸನೆ ಬಂತು ಎಂದು ಊರಿಗೇ ಸುದ್ದಿ ಹೇಳುವವನಂತೆ ಘೋಷಿಸಿದ. ಬಡಗಿ ಎರಡನೆಯ ಬಟ್ಟಲಿಗೆ ಕೈ ಚಾಚಿ, ಅಕ್ಕನ ಸೂಪಿಗೆ ಇದು ತಂಗಿಯಾಗಬಹುದು ಎಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು. ಎದುರುಮನೆಯ ಹಲ್ಲಿನ ಡಾಕ್ಟರು ವಾಸನೆ ಹಿಡಿದು ಬಂದು ತಾವೂ ಒಂದು ಬಟ್ಟಲು ಹಿಡಿದರು. ಸೂಪು ನೆಗಡಿಯನ್ನು ಓಡಿಸುವುದಿಲ್ಲ, ನೆಗಡಿ ತನ್ನ ಸಮಯಕ್ಕೆ ತಾನೇ ಹೋಗುತ್ತದೆ, ಬಿಸಿಗೂ ಹಬೆಗೂ ಉಸಿರಾಟ ಸಲೀಸಾಗುತ್ತದೆ ಅಷ್ಟೇ ಎಂದು ವಿವರಿಸುತ್ತಲೇ ಬಟ್ಟಲು ಖಾಲಿ ಮಾಡಿ ಮತ್ತೆ ಚಾಚಿದರು. ಅವರು ಹೇಳಿದ್ದು ನಿಜವೇ ಇರಬೇಕು. ಆದರೆ ಕಾಯುವ ದಿನಗಳನ್ನು ಒಬ್ಬೊಬ್ಬರೇ ಮೂಲೆಯಲ್ಲಿ ಕಾಯದೆ ಒಂದೇ ಮೆಟ್ಟಿಲ ಮೇಲೆ ಕಾಯುವಂತೆ ಮಾಡುವುದೂ ಒಂದು ಔಷಧವೆಂದು ನಾನು ನಂಬುತ್ತೇನೆ.

ಕಾರ್ಯಕ್ರಮದ ಹಿಂದಿನ ದಿನ ಇರುವೆ ಶಾಲೆಗೆ ಹೋದಳು. ಅಷ್ಟರಲ್ಲಿ ಅವಳ ಒಂದು ಕಿವಿ ತೆರೆದಿತ್ತು, ಇನ್ನೊಂದು ಅರ್ಧ. ಮಿಕ್ಕ ಅರ್ಧಕ್ಕೆ ಸೌಟು. ಹಿಡಿ ಕಚ್ಚಿಕೊಂಡು, ಸೌಟಿನ ತಲೆಯನ್ನು ಪಿಯಾನೊದ ಮರಕ್ಕೆ ಒತ್ತಿ, ಬಲತುದಿಯ ಒಂದೊಂದು ತಂತಿಯನ್ನೂ ಸಡಿಲಿಸಿ ಮತ್ತೆ ಕೂಡಿಸಿದಳು. ನೋಡಿದ ಮಕ್ಕಳು ಪಿಯಾನೊಗೆ ಊಟ ಮಾಡಿಸುತ್ತಿದ್ದಾಳೆಂದು ತಿಳಿದರಂತೆ. ಮುಗಿದ ಮೇಲೆ ನಾನು ತಲೆಯಾಡಿಸಲಿಲ್ಲ. ನನ್ನ ಕಿವಿ ಇನ್ನೂ ಮುಚ್ಚಿದೆ, ನನ್ನ ಒಪ್ಪಿಗೆಗೆ ಬೆಲೆಯಿಲ್ಲ ಎಂದು ಹೇಳಿ ಹೊರಗೆ ನಿಂತೆ. ಶನಿವಾರ ಸಭಾಂಗಣದ ಕೊನೆಯ ಸಾಲಿನಲ್ಲಿ ನಾವು ನಾಲ್ವರೂ ಕುಳಿತಿದ್ದೆವು. ಮಕ್ಕಳ ಹಾಡು ನನಗೆ ಪಕ್ಕದ ಬೀದಿಯಲ್ಲಿ ನಡೆದಂತೆ ಕೇಳುತ್ತಿತ್ತು. ನಾನು ನೋಡುತ್ತಿದ್ದದ್ದು ಟೀಚರ ಹುಬ್ಬನ್ನು. ಬೆರಳುಗಳು ಬಲಕ್ಕೆ ಹೊರಟವು, ಇನ್ನೂ ಬಲಕ್ಕೆ, ತುದಿ ಮುಟ್ಟಿದವು. ಹುಬ್ಬು ಕದಲಲಿಲ್ಲ. ಪಕ್ಕದಲ್ಲಿ ಇರುವೆ ಅಷ್ಟು ಹೊತ್ತು ಹಿಡಿದಿದ್ದ ಉಸಿರು ಬಿಟ್ಟಳು. ಅದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು.

ಅಂದು ಮನೆಗೆ ಬಂದು ಬಹಳ ಹೊತ್ತು ಯೋಚಿಸಿದೆ. ಇಷ್ಟು ವರ್ಷ ಪ್ರತಿ ಚಳಿಗಾಲದಲ್ಲೂ ನಮಗೆಲ್ಲ ಒಟ್ಟಿಗೇ ನೆಗಡಿಯಾಗುತ್ತಿತ್ತು; ಆದರೂ ಈ ತಪ್ಪು ಹಿಂದೆಂದೂ ಆಗಲಿಲ್ಲವಲ್ಲ, ಏಕೆ? ಉತ್ತರ ಮೆಟ್ಟಿಲ ಮೇಲಿತ್ತು. ನೀನು ಪಾತ್ರೆ ಹಿಡಿದು ಇಳಿದು ಬರುವಾಗ, ಯಾರೂ ಕೇಳದಿದ್ದರೂ, ಅದೇನು ಮೂಲೆಯ ಪಿಯಾನೊ ಅಳ್ತಾ ಇದೆ ಎಂದೋ, ಈ ಬಾಗಿಲ ಹತ್ತಿರದ್ದು ಯಾಕಿಷ್ಟು ಕಿರುಚುತ್ತೆ ಎಂದೋ ಗೊಣಗುತ್ತಿದ್ದೆ. ನಾವು ನಕ್ಕು, ನೀನು ಮೇಲೆ ಹೋದ ಮೇಲೆ ಸುಮ್ಮನೆ ಇನ್ನೊಮ್ಮೆ ನೋಡುತ್ತಿದ್ದೆವು. ನೋಡಿ, ಸರಿಪಡಿಸುತ್ತಿದ್ದೆವು. ಕಾರ್ಖಾನೆಯಲ್ಲಿ ತೆರೆದ ಕಿವಿ ಅದೊಂದೇ. ನೀನು ನಮಗೆ ಸೂಪು ತರುತ್ತೀಯೆಂದು ತಿಳಿದಿದ್ದೆವು. ಜೊತೆಗೆ ಕಿವಿಯನ್ನೂ ತರುತ್ತಿದ್ದೆಯೆಂದು ನಿನಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ. ಈ ತಿಳಿವಳಿಕೆಗೆ ತಕ್ಕ ಧನ್ಯವಾದ ನನ್ನಲ್ಲಿಲ್ಲ. ಇರುವಷ್ಟನ್ನು ಇಲ್ಲಿ ಬರೆದಿದ್ದೇನೆ. ಇನ್ನು ಮುಂದೆ ನಮ್ಮಲ್ಲಿ ಒಬ್ಬರಿಗೆ ನೆಗಡಿಯಾದರೂ ಹೊರಗಿನವರೊಬ್ಬರು ಬಂದು ಕೇಳದೆ ಯಾವ ಪಿಯಾನೊವೂ ಬಾಗಿಲು ದಾಟದು. ಸದ್ಯ ಆ ಹುದ್ದೆಗೆ ಬೀದಿಯ ಇಸ್ತ್ರಿಯವರನ್ನು ನೇಮಿಸಿದ್ದೇವೆ. ಸಂಬಳ, ಒಂದು ಬಟ್ಟಲು ಸೂಪು.

ಬೆಚ್ಚಗಿರು. ನೀರು ಕುಡಿಯುತ್ತಿರು. ಮೊಮ್ಮಕ್ಕಳ ಹತ್ತಿರ ಸೀನಬೇಡ. ಮಗಳಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ, ಹಿರಿಯರಿಬ್ಬರಿಗೂ ಮತ್ತೊಮ್ಮೆ ವಂದನೆ.

ಇಂತು,
ನಿನ್ನ ಈ ವಾರದ ಕಿವುಡು ತಮ್ಮ

ಮತ್ತೆ, ಅವಸರದಲ್ಲಿ: ಈ ಕಾಗದ ಅಂಚೆಯಲ್ಲಿ ಬಂದದ್ದಲ್ಲವೆಂದು ನೀವೆಲ್ಲ ಗಮನಿಸಿರಬೇಕು. ಓದುತ್ತಿರುವ ಬೀಗರೇ, ದಯವಿಟ್ಟು ಕನ್ನಡಕ ಸರಿಸಿ ಬಾಗಿಲ ಬಳಿಯ ಕುರ್ಚಿಯ ಕಡೆ ಒಮ್ಮೆ ನೋಡಿ. ಕಾಗದ ಕೊಟ್ಟು, ತಾನು ಯಾರೆಂದು ಹೇಳದೆ ಅಲ್ಲಿ ತೆಪ್ಪಗೆ ಕುಳಿತಿರುವವಳು ಇರುವೆ. ಹೇಳಬೇಡವೆಂದು ನಾನೇ ತಾಕೀತು ಮಾಡಿದ್ದೆ. ಇಷ್ಟು ಹೊತ್ತು ತನ್ನ ಕಥೆಯನ್ನೇ ಕೇಳಿ ಅವಳ ಕಿವಿ ಕೆಂಪಾಗಿರಬೇಕು. ಎರಡೂ ಈಗ ಚೆನ್ನಾಗಿ ತೆರೆದಿವೆ, ನೆಗಡಿ ಪೂರ್ತಿ ಬಿಟ್ಟಿದೆ. ಅವಳ ಪೆಟ್ಟಿಗೆಯಲ್ಲಿ ಶ್ರುತಿ ಕೂಡಿಸುವ ಉಪಕರಣಗಳಿವೆ, ನಿನ್ನ ಸೌಟೂ ಇದೆ. ಅಕ್ಕಾ, ನೀನು ಏಳಬೇಡ. ಹಾಸಿಗೆಯಿಂದ ಸಲಹೆಯನ್ನೂ ಕೂಗಬೇಡ, ಹೇಗೂ ಧ್ವನಿಯಿಲ್ಲ. ಬೀಗಿತ್ತಿಯವರು ಪಕ್ಕದಲ್ಲಿ ನಿಂತು ಕಲಿತುಕೊಂಡರೆ ಅವಳಿಗೆ ಸಂತೋಷ. ಸೂಪು ಗುನುಗುತ್ತಿರುವಾಗ, ನಿಮ್ಮ ಹಜಾರದಲ್ಲಿ ಮಕ್ಕಳ ಬಟ್ಟೆ ಮಡಿಸಿಡಲು ಬಳಸುತ್ತಿರುವ ಆ ಪಿಯಾನೊದ ಮುಚ್ಚಳ ತೆರೆದುಕೊಡಿ. ಬಂದು ಸರಿಮಾಡುತ್ತೇನೆಂದು ನಾನು ಬರೀ ಹೇಳುತ್ತಲೇ ಬಂದೆ; ಇಂದು ಇರುವೆ ಅದರ ಶ್ರುತಿ ಕೂಡಿಸುತ್ತಾಳೆ. ಕೇಳಿ ಒಪ್ಪುವ ಕೆಲಸ ಬೀಗರದ್ದು, ನೆಗಡಿಯವರದ್ದಲ್ಲ. ಒಲೆ ಖಾಲಿ ಮಾಡಿಕೊಡಿ. ಏಳಮ್ಮಾ ಇರುವೆ, ದೊಡ್ಡ ಪಾತ್ರೆಗೆ ತಣ್ಣೀರು ತುಂಬು, ಶುರು ಮಾಡು.